ಒಂದೇ ತುತ್ತಿನ ಫ್ರೆಂಚ್ ಟೋಸ್ಟ್: ಹತ್ತು ಮಂದಿಯ ರವಿವಾರದ ನಾಷ್ಟಾಕ್ಕೆ

ಧಾರವಾಡದ ನಮ್ಮ ಮನೆಯಲ್ಲಿ ರವಿವಾರ ಮಂದಿ ಸೇರುವುದು ಹತ್ತೂವರೆ, ಹನ್ನೊಂದರ ಹೊತ್ತಿಗೆ. ಹುಬ್ಬಳ್ಳಿಯಿಂದ ಅಣ್ಣ, ವೈನಿ, ಮಕ್ಕಳು. ಮಾಳಮಡ್ಡಿಯಿಂದ ಕಾಕಾ, ಕಾಕು. ಒಮ್ಮೊಮ್ಮೆ ಪಕ್ಕದ ಮನೆಯವರು. ನಾಷ್ಟಾದ ಹೊತ್ತು ದಾಟಿರುತ್ತದೆ, ಊಟಕ್ಕೆ ಇನ್ನೂ ಎರಡು ತಾಸು ಇರುತ್ತದೆ. ಸುಸಲಾ, ಅವಲಕ್ಕಿ, ಉಪ್ಪಿಟ್ಟು ಸರದಿ ಮೇಲೆ ಆಗುತ್ತಲೇ ಇರುತ್ತವೆ. ಜೊತೆಗೆ ಮಕ್ಕಳು ಕೇಳಿ ಮಾಡಿಸಿಕೊಳ್ಳುವುದು ಫ್ರೆಂಚ್ ಟೋಸ್ಟ್. ಬ್ರೆಡ್ಡನ್ನು ತತ್ತಿ ಹಾಲಿನಲ್ಲಿ ಅದ್ದಿ ತವಾ ಮೇಲೆ ಬೇಯಿಸಿ, ಬಾಂಬೆ ಟೋಸ್ಟ್ ಅಂತಲೂ ಕರೆಯುತ್ತಾರಲ್ಲ, ಅದೇ.

ಮೊದಮೊದಲು ಇಡೀ ಸ್ಲೈಸ್‌ಗಳಲ್ಲೇ ಮಾಡುತ್ತಿದ್ದೆ. ತವಾ ಮೇಲೆ ಒಂದು ಸಲಕ್ಕೆ ಎರಡೇ ಹಿಡಿಯುತ್ತಿದ್ದವು. ಮೊದಲು ಕೂತವರು ತಿಂದು ಕೈ ತೊಳೆದರೂ ಕೊನೆಯವರಿಗೆ ತಾಟು ಹೋಗಿರುತ್ತಿರಲಿಲ್ಲ. ಮಾತು, ನಗು ಎಲ್ಲ ಪಡಸಾಲೆಯಲ್ಲಿ, ನಾನು ಒಲೆಯ ಮುಂದೆ. ಒಂದೇ ತುತ್ತಿಗೆ ಬಾಯಿಗೆ ಹೋಗುವಂಥ ಹೋಳುಗಳನ್ನು ಮಾಡಲು ಶುರು ಮಾಡಿದ ಮೇಲೆ ಇದು ಬದಲಾಯಿತು. ಒಂದು ಸಲಕ್ಕೆ 14, 15 ಹೋಳು ಬೇಯುತ್ತವೆ. ನಾಲ್ಕು ಸಲ ಹಾಕಿದರೆ ಹತ್ತು ಮಂದಿಯದು ಮುಗಿಯಿತು. ನಡುವೆ ಒಂದು ದೊಡ್ಡ ತಾಟು ಇಟ್ಟರೆ ಎಲ್ಲರೂ ತೆಗೆದುಕೊಳ್ಳುತ್ತಾರೆ. ನಾನೂ ಚಹಾ ಹಿಡಿದು ಅವರ ನಡುವೆ ಕೂರುತ್ತೇನೆ.

ಆದರೆ ಸ್ಲೈಸ್‌ನ ವಿಧಾನವನ್ನೇ ಚಿಕ್ಕ ಹೋಳಿಗೆ ಹಚ್ಚಿದರೆ ಕೆಡುತ್ತದೆ. ಸ್ಲೈಸ್‌ಗೆ ಎರಡು ಮುಖ. ಚೌಕ ಹೋಳಿಗೆ ಆರು ಮುಖ, ಆರೂ ಕಡೆಯಿಂದ ಹಾಲು ಹೀರುತ್ತದೆ. ನೆನೆಸುವ ಹೊತ್ತು, ಉರಿ, ಸಕ್ಕರೆ, ಮೂರರ ಲೆಕ್ಕವೂ ಬೇರೆ. ಎಲ್ಲಕ್ಕಿಂತ ಮೊದಲು ಬ್ರೆಡ್ ಒಣಗಿರಬೇಕು. ನಾನು ಮೊದಲ ಸಲ ಮಾಡಿದಾಗ ಅದೇ ಬೆಳಿಗ್ಗೆ ತಂದ ಬಿಸಿಬಿಸಿ ಬ್ರೆಡ್ಡನ್ನೇ ಕತ್ತರಿಸಿ ಅದ್ದಿದ್ದೆ. ತಾಜಾ ಇದ್ದರೆ ಒಳ್ಳೆಯದು ಅಂದುಕೊಂಡಿದ್ದೆ. ಹೋಳುಗಳು ಕೈಯಲ್ಲೇ ಮುದ್ದೆಯಾದವು. ಹೊರಗೆ ಕಂದಿದರೂ ಒಳಗೆ ಹಸಿ ಹಿಟ್ಟಿನ ಹಾಗೆ ಉಳಿದವು. ಅವತ್ತು ಮಂದಿಗೆ ಅವಲಕ್ಕಿಯನ್ನೇ ಜಾಸ್ತಿ ಬಡಿಸಬೇಕಾಯಿತು.

ಫ್ರೆಂಚರು ಈ ತಿಂಡಿಯನ್ನು ಕರೆಯುವ ಹೆಸರಿನ ಅರ್ಥ ‘ಕಳೆದುಹೋದ ಬ್ರೆಡ್’ ಅಂತ. ಒಣಗಿ ಇನ್ನೇನು ಬಿಸಾಡಬೇಕು ಅನ್ನುವ ಬ್ರೆಡ್ಡನ್ನು ಉಳಿಸಿಕೊಳ್ಳಲು ಹುಟ್ಟಿದ ತಿಂಡಿ ಇದು. ನಾವು ತಂಗಳ ಚಪಾತಿಯನ್ನು ಚೂರು ಮಾಡಿ ಒಗ್ಗರಣೆ ಹಾಕುತ್ತೇವಲ್ಲ, ಆ ಜಾತಿಯದೇ. ಅದಕ್ಕೇ ತಾಜಾ ಬ್ರೆಡ್ ಇದಕ್ಕೆ ಒಗ್ಗುವುದಿಲ್ಲ.

ಏನೇನು ಬೇಕು

ಹತ್ತು ಮಂದಿಗೆ, ತಲೆಗೆ ಐದು ಹೋಳಿನ ಲೆಕ್ಕ ಇದು. 400 ಗ್ರಾಂನ ಒಂದು ಇಡೀ ಬ್ರೆಡ್. 4 ತತ್ತಿ. 300 ಮಿಲಿ ಹಾಲು, ಕಾಯಿಸಿ ಪೂರ್ತಿ ಆರಿಸಿದ್ದು. 1 ದೊಡ್ಡ ಚಮಚ ಸಕ್ಕರೆ, ಎರಡು ಚಿಟಿಕೆ ಉಪ್ಪು, ಅರ್ಧ ಸಣ್ಣ ಚಮಚ ಏಲಕ್ಕಿ ಪುಡಿ. ಬೇಯಿಸಲು 3 ದೊಡ್ಡ ಚಮಚ ತುಪ್ಪ, 1 ದೊಡ್ಡ ಚಮಚ ಬೆಣ್ಣೆ. ಕೊನೆಗೆ ಹೊರಳಾಡಿಸಲು ಅರ್ಧ ವಾಟಗ (ಬಟ್ಟಲು) ಸಕ್ಕರೆ, ಮಿಕ್ಸರ್‌ನಲ್ಲಿ ಒಂದೇ ಸುತ್ತು ತಿರುವಿದ್ದು.

ಪಾತ್ರೆಗಳು: ದಪ್ಪ ತಳದ ಅಗಲ ತವಾ, ಒಣಗಿಸಲು ದೊಡ್ಡ ಪರಾತ, ಅದ್ದಲು ಒಂದು ಅಗಲ ಬೋಗುಣಿ, ತಿರುವಲು ಚಿಮಟ, ಬೆಂದದ್ದನ್ನು ಇಡಲು ಒಂದು ತಂತಿ ಜಾಲರಿ. ಒಟಿಜಿ (ಕರೆಂಟಿನ ಚಿಕ್ಕ ಓವನ್) ಇದ್ದರೆ ಅನುಕೂಲ. ಇಲ್ಲದಿದ್ದರೂ ನಡೆಯುತ್ತದೆ, ನಾನು ಎಷ್ಟೋ ಸಲ ಇಲ್ಲದೆಯೇ ಮಾಡಿದ್ದೇನೆ.

ಹಿಂದಿನ ದಿನ: ಬ್ರೆಡ್ ತರುವುದು, ಕತ್ತರಿಸುವುದು, ಒಣಗಿಸುವುದು

ಶನಿವಾರವೇ ಬ್ರೆಡ್ ತನ್ನಿ. ಬೇಕರಿಯಲ್ಲಿ ಹೇಳುವ ಮಾತು ಒಂದೇ: "ಅಣ್ಣಾರ, ಕಟ್ ಮಾಡಬ್ಯಾಡ್ರಿ, ಇಡೀದು ಕೊಡ್ರಿ." ಮಷಿನ್‌ಗೆ ಹಾಕಿದ ಸ್ಲೈಸ್ ತೆಳುವಾಗಿರುತ್ತದೆ, ಅದರಿಂದ ಚೌಕ ಹೋಳು ಬರುವುದಿಲ್ಲ. ಸಾದಾ ಸ್ಯಾಂಡ್‌ವಿಚ್ ಬ್ರೆಡ್ ಆದರೆ ಸಾಕು. ಮಿಲ್ಕ್ ಬ್ರೆಡ್ ಇನ್ನೂ ರುಚಿ, ಆದರೆ ಅದರಲ್ಲಿ ಮೊದಲೇ ಸಿಹಿ ಇರುತ್ತದೆ, ಬೇಗ ಕಂದುತ್ತದೆ. ಲಾದಿ ಪಾವ್ ಕೂಡ ಚೆನ್ನಾಗಿ ಆಗುತ್ತದೆ. ಒಂದು ಪಾವ್‌ನಿಂದ ನಾಲ್ಕು ಹೋಳು ತೆಗೆಯಬಹುದು. ಟೂಟಿ ಫ್ರೂಟಿ ಹಾಕಿದ ಬ್ರೆಡ್ ಬೇಡ. ಅದರ ತುಂಡುಗಳು ತವಾಕ್ಕೆ ಅಂಟಿ ಕರಕಲಾಗುತ್ತವೆ.

ಮನೆಗೆ ತಂದ ಮೇಲೆ ಒಂದೆರಡು ತಾಸು ಹಾಗೇ ಬಿಡಿ. ಬಿಸಿ ಬ್ರೆಡ್ ಚಾಕುವಿಗೆ ಮುದುಡುತ್ತದೆ. ಆಮೇಲೆ ಗರಗಸದ ಹಲ್ಲಿನ ಚಾಕುವಿನಿಂದ ನಾಲ್ಕೂ ಕಡೆಯ ಅಂಚು ತೆಗೆದು 3 ಸೆಂಟಿಮೀಟರ್ ಚೌಕಕ್ಕೆ ಕತ್ತರಿಸಿ. ಒತ್ತಬೇಡಿ, ಹಿಂದೆ ಮುಂದೆ ಎಳೆಯಿರಿ. ಅಳತೆಯ ಪಟ್ಟಿ ಬೇಕಿಲ್ಲ, ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು ಉದ್ದ ಅಂತ ಹಿಡಿಯಿರಿ. 2 ಸೆಂಟಿಮೀಟರ್‌ಗಿಂತ ಚಿಕ್ಕದಾದರೆ ಒಳಗಿನವರೆಗೂ ಗರಿಯಾಗಿ ಟೋಸ್ಟ್ ತುಣುಕಿನ ಹಾಗೆ ಆಗುತ್ತದೆ, ಮೆತ್ತನೆಯ ನಡು ಉಳಿಯುವುದಿಲ್ಲ. 4 ದಾಟಿದರೆ ಒಂದೇ ತುತ್ತಿಗೆ ಬಾಯಿಗೆ ಹಿಡಿಯುವುದಿಲ್ಲ. 400 ಗ್ರಾಂ ಬ್ರೆಡ್ಡಿನಿಂದ 50ರ ಆಸುಪಾಸು ಹೋಳು ಬರುತ್ತವೆ. ಅಂಚುಗಳನ್ನು ಡಬ್ಬಿಗೆ ಹಾಕಿಡಿ, ನಾಳೆ ಅದಕ್ಕೂ ಕೆಲಸ ಇದೆ.

ಈಗ ಒಣಗಿಸುವುದು. ಹೋಳುಗಳನ್ನು ಒಂದಕ್ಕೊಂದು ತಾಗದ ಹಾಗೆ ಪರಾತದಲ್ಲಿ ಹರಡಿ, ಮೇಲೆ ತೆಳು ಬಟ್ಟೆ ಮುಚ್ಚಿ, ಫ್ಯಾನ್ ಗಾಳಿಗೆ ರಾತ್ರಿಯೆಲ್ಲ ಬಿಡಿ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ನಮ್ಮ ಕಡೆ ಗಾಳಿ ಒಣಗಿರುತ್ತದೆ, ನಾಲ್ಕೈದು ತಾಸಿಗೇ ಆಗಿಬಿಡುತ್ತದೆ. ಮಳೆಗಾಲದಲ್ಲಿ ಮಾತ್ರ ಇದನ್ನು ನಂಬಬೇಡಿ. ಜುಲೈನ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಬೆಳಗಿನವರೆಗೆ ಬಿಟ್ಟರೂ ಬ್ರೆಡ್ ಮೆತ್ತಗೇ ಇರುತ್ತದೆ. ಆಗ ಒಟಿಜಿಯಲ್ಲಿ 120 ಡಿಗ್ರಿಗೆ 12ರಿಂದ 15 ನಿಮಿಷ ಇಡಿ. ಒಟಿಜಿ ಇಲ್ಲದವರು ಬರೀ ತವಾ ಮೇಲೆ ತೀರಾ ಸಣ್ಣ ಉರಿಯಲ್ಲಿ ಹೊರಳಿಸುತ್ತ ಎಂಟು ಹತ್ತು ನಿಮಿಷ ಒಣಗಿಸಿ. ಬಣ್ಣ ಬರಬಾರದು. ಹೊರಗೆ ಸ್ವಲ್ಪ ಗಡುಸು, ಒತ್ತಿದರೆ ನಡುವೆ ಇನ್ನೂ ತುಸು ಮೆತ್ತಗೆ, ಅಷ್ಟಾದರೆ ಸರಿ.

ಫ್ರಿಜ್‌ನಲ್ಲಿ ಇಟ್ಟರೆ ಒಣಗುತ್ತದೆ ಅಂತ ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ. ಫ್ರಿಜ್‌ನ ತಂಪಿನಲ್ಲಿ ಬ್ರೆಡ್ಡಿನ ಪಿಷ್ಟ ಬೇಗ ಬಿಗಿಯುತ್ತದೆ, ಅದಕ್ಕೆ ಬ್ರೆಡ್ ಗಟ್ಟಿ ಅನಿಸುತ್ತದೆ. ಆದರೆ ನೀರಿನಂಶ ಹೆಚ್ಚುಕಡಿಮೆ ಒಳಗೇ ಇರುತ್ತದೆ. ನಮಗೆ ಬೇಕಾದದ್ದು ಗಟ್ಟಿ ಬ್ರೆಡ್ ಅಲ್ಲ, ಒಣ ಬ್ರೆಡ್. ನೀರು ಹೋದ ಜಾಗಕ್ಕೆ ತತ್ತಿ ಹಾಲು ಸೇರಬೇಕು, ಅಲ್ವಾ? ಜಾಗವೇ ಖಾಲಿ ಇಲ್ಲದಿದ್ದರೆ ಹೊರಗಿನ ಪದರವೊಂದೇ ನೆನೆದು ಕಳಚಿಕೊಳ್ಳುತ್ತದೆ.

ತತ್ತಿ ಹಾಲಿನ ಮಿಶ್ರಣ

ಇದನ್ನು ರವಿವಾರ ಬೆಳಿಗ್ಗೆ ಮಾಡಿ. ಮೊದಲು ತತ್ತಿ, ಸಕ್ಕರೆ, ಉಪ್ಪು, ಏಲಕ್ಕಿಯನ್ನು ಫೋರ್ಕ್‌ನಿಂದ ಚೆನ್ನಾಗಿ ಕಲಸಿ. ನೊರೆ ಬರುವಷ್ಟು ಬಡಿಯಬೇಕಿಲ್ಲ. ಆಮೇಲೆ ಹಾಲು ಹಾಕಿ, ಚಹಾ ಸೋಸುವ ಜಾಲರಿಯಲ್ಲಿ ಒಮ್ಮೆ ಸೋಸಿ. ತತ್ತಿಯಲ್ಲಿ ಬಿಳಿ ದಾರದಂಥದ್ದು ಇರುತ್ತದಲ್ಲ, ಅದು ಉಳಿದರೆ ಹೋಳಿನ ಮೇಲೆ ಬಿಳಿ ಕಲೆಯಾಗಿ ಬೇಯುತ್ತದೆ. ಇಡೀ ಸ್ಲೈಸ್‌ನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಚಿಕ್ಕ ಹೋಳಿನಲ್ಲಿ ಎದ್ದು ಕಾಣುತ್ತದೆ.

ಹಾಲು ಬಿಸಿ ಇದ್ದರೆ ತತ್ತಿ ಅಲ್ಲೇ ಗಂಟುಗಟ್ಟುತ್ತದೆ, ಆದ್ದರಿಂದ ಆರಿಸಿದ್ದೇ ಬೇಕು. ಗೌಳಿಗರಿಂದ ಎಮ್ಮೆ ಹಾಲು ತರುವ ಮನೆಯವರು ಮೇಲಿನ ಕೆನೆ ತೆಗೆದು ಎರಡು ಚಮಚ ನೀರು ಬೆರೆಸಿ. ಎಮ್ಮೆ ಹಾಲಿನಲ್ಲಿ ಕೊಬ್ಬು ಶೇಕಡಾ 6, 7ರಷ್ಟು ಇರುತ್ತದೆ, ಆಕಳ ಹಾಲಿನಲ್ಲಿ 4ರ ಹತ್ತಿರ. ತೀರಾ ಗಟ್ಟಿ ಹಾಲು ಬ್ರೆಡ್ಡಿನ ಒಳಗೆ ನಿಧಾನವಾಗಿ ಇಳಿಯುತ್ತದೆ. ಪ್ಯಾಕೆಟ್ ಹಾಲಾದರೆ ಹಾಗೇ ಹಾಕಿ.

ಸಕ್ಕರೆ ಒಂದೇ ಚಮಚ ಯಾಕೆ ಅಂದರೆ, ಮಿಶ್ರಣದಲ್ಲಿ ಜಾಸ್ತಿ ಸಕ್ಕರೆ ಇದ್ದರೆ ಒಳಗೆ ಬೇಯುವ ಮೊದಲೇ ಹೊರಗೆ ಕರಕಲು ಬರುತ್ತದೆ. ಆರು ಮುಖದ ಹೋಳಿಗೆ ಈ ಅಪಾಯ ಹೆಚ್ಚು. ಸಿಹಿಯನ್ನು ಕೊನೆಗೆ ಹೊರಗಿನಿಂದ ಕೊಡೋಣ. ಬೆಲ್ಲವನ್ನು ಇದಕ್ಕೆ ಹಾಕಲೇಬೇಡಿ, ಕಾಯಿಸುವಾಗ ಹಾಲು ಒಡೆಯುವ ಸಾಧ್ಯತೆ ಇದೆ.

ಏಲಕ್ಕಿಯ ಬಗ್ಗೆ ಒಂದು ಮಾತು. ಹಾವೇರಿ ಏಲಕ್ಕಿ ಹಾರಕ್ಕೆ ಹೆಸರಾದ ಊರು, ಆ ಕಂಪು ನಮ್ಮ ಕಡೆಯ ಸಿಹಿತಿಂಡಿಗಳಲ್ಲೆಲ್ಲ ಇದೆ. ಹೊರದೇಶದ ಪಾಕವಿಧಾನಗಳಲ್ಲಿ ದಾಲ್ಚಿನ್ನಿ, ವೆನಿಲಾ ಹೇಳಿರುತ್ತಾರೆ. ಎರಡೂ ಚೆನ್ನ. ಆದರೆ ತುಪ್ಪದಲ್ಲಿ ಬೆಂದ ಬ್ರೆಡ್ಡಿಗೆ ಆಗತಾನೆ ಕುಟ್ಟಿದ ಏಲಕ್ಕಿ ಕೂಡುವಷ್ಟು ಚೆನ್ನಾಗಿ ಬೇರೆ ಯಾವುದೂ ಕೂಡುವುದಿಲ್ಲ ಅಂತ ನನ್ನ ಅನಿಸಿಕೆ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಇದ್ದ ಪುಡಿ ಬೇಡ, ನಾಲ್ಕೈದು ಕಾಯಿ ಸುಲಿದು ಕುಟ್ಟಿ.

ಮಿಶ್ರಣವನ್ನು ಬೇಯಿಸುವ ಹೊತ್ತಿನವರೆಗೆ ಫ್ರಿಜ್‌ನಲ್ಲೇ ಇಡಿ. ಹಸಿ ತತ್ತಿ, ಹಾಲು ಎರಡೂ ಇರುವುದರಿಂದ ಹೊರಗೆ ಎರಡು ತಾಸಿಗಿಂತ ಹೆಚ್ಚು ಇಡಬಾರದು. ಬೇಸಿಗೆಯ ಹುಬ್ಬಳ್ಳಿಯಲ್ಲಿ ಒಂದು ತಾಸು ಅಂತ ಹಿಡಿಯಿರಿ.

ತತ್ತಿ ತಿನ್ನದವರಿಗೆ

ನಮ್ಮ ಕಡೆ ಮಂದಿಯನ್ನು ಕರೆದರೆ ಅದರಲ್ಲಿ ಅರ್ಧದಷ್ಟು ಜನ ತತ್ತಿ ಮುಟ್ಟದವರು ಇರುವುದು ಸಾಮಾನ್ಯ. ಶ್ರಾವಣದಲ್ಲಂತೂ ತಿನ್ನುವವರೂ ಬಿಟ್ಟಿರುತ್ತಾರೆ. ನಮ್ಮ ಕಾಕು ತತ್ತಿ ಬೆಂದ ತವಾದ ಮೇಲೆ ಮಾಡಿದ್ದನ್ನೂ ತಿನ್ನುವುದಿಲ್ಲ. ಅದನ್ನು ಕೇಳಿಸಿಕೊಂಡು ನಡೆಯುವುದು ಕರೆದವರ ಕೆಲಸ. ಹೀಗಾಗಿ ನಾನು ಪ್ರತಿ ಸಲ ಎರಡು ಬಗೆ ಮಾಡುತ್ತೇನೆ, ಮತ್ತು ತತ್ತಿ ಇಲ್ಲದ್ದನ್ನೇ ಮೊದಲು ಮಾಡುತ್ತೇನೆ.

25 ಹೋಳಿಗೆ 200 ಮಿಲಿ ಹಾಲು, ಮಟ್ಟವಾಗಿ 2 ದೊಡ್ಡ ಚಮಚ ವೆನಿಲಾ ಕಸ್ಟರ್ಡ್ ಪುಡಿ, 1 ದೊಡ್ಡ ಚಮಚ ಮನೆಯ ಕೆನೆ, 2 ಸಣ್ಣ ಚಮಚ ಸಕ್ಕರೆ, ಚಿಟಿಕೆ ಉಪ್ಪು. ಪುಡಿಯನ್ನು ಮೊದಲು ಸ್ವಲ್ಪ ತಣ್ಣನೆ ಹಾಲಿನಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದದ್ದನ್ನು ಸೇರಿಸಿ. ಒಲೆಯ ಮೇಲೆ ಕಾಯಿಸಬೇಡಿ, ಹಸಿಯಾಗಿಯೇ ಇರಬೇಕು. ಕಸ್ಟರ್ಡ್ ಪುಡಿ ಅಂದರೆ ಮುಖ್ಯವಾಗಿ ಮೆಕ್ಕೆಜೋಳದ ಪಿಷ್ಟ. ತವಾದ ಬಿಸಿಗೆ ಅದು ದಪ್ಪಗಾಗಿ ಹೋಳನ್ನು ಹಿಡಿದಿಡುತ್ತದೆ, ತತ್ತಿ ಮಾಡುವ ಕೆಲಸವನ್ನೇ ಇದು ಮಾಡುತ್ತದೆ. ಆದರೆ ಪುಡಿ ತಳಕ್ಕೆ ಇಳಿಯುತ್ತಲೇ ಇರುತ್ತದೆ. ಅದ್ದುವ ಮುಂಚೆ ಪ್ರತಿ ಸಲವೂ ಕಲಕಿ. ಇಲ್ಲದಿದ್ದರೆ ಮೊದಲ ಹೋಳುಗಳು ಬರೀ ಹಾಲು ಕುಡಿದು ಮೆತ್ತಗಾಗುತ್ತವೆ, ಕೊನೆಯವು ಹಿಟ್ಟು ಮೆತ್ತಿದ ಹಾಗೆ ಆಗುತ್ತವೆ. ಇದರಲ್ಲಿ ಹೋಳನ್ನು ಐದಾರು ಸೆಕೆಂಡ್ ಮಾತ್ರ ಅದ್ದಬೇಕು, ಉರಿ ಸ್ವಲ್ಪ ಸಣ್ಣದಿರಬೇಕು. ಬೇಗ ತೆಗೆದರೆ ಹಸಿ ಹಿಟ್ಟಿನ ರುಚಿ ನಾಲಿಗೆಗೆ ಬರುತ್ತದೆ.

ಎರಡು ಎಚ್ಚರ. ಕೆಲವು ಬೇಕರಿಗಳ ಮಿಲ್ಕ್ ಬ್ರೆಡ್‌ನಲ್ಲಿ, ಬನ್‌ನಲ್ಲಿ ತತ್ತಿ ಇರುತ್ತದೆ. ಕೇಳಿಯೇ ತನ್ನಿ, ಪ್ಯಾಕೆಟ್ ಆದರೆ ಹಸಿರು ಗುರುತು ನೋಡಿ. ಇನ್ನೊಂದು, ಕಸ್ಟರ್ಡ್ ಪುಡಿಯ ಹಳದಿಯಿಂದ ಎರಡೂ ಬಗೆ ನೋಡಲು ಒಂದೇ ಥರ ಇರುತ್ತವೆ. ತಾಟು ಬೇರೆ, ಚಿಮಟ ಬೇರೆ, ಇಡುವ ಜಾಗವೂ ಬೇರೆ ಇರಲಿ. ನಾನು ತತ್ತಿ ಇಲ್ಲದ್ದನ್ನು ಬಾಳೆ ಎಲೆ ಹಾಸಿದ ತಾಟಿನಲ್ಲಿ ಇಡುತ್ತೇನೆ. ಎಲೆ ಇದ್ದದ್ದು ಯಾರು ಬೇಕಾದರೂ ತಿನ್ನಬಹುದು ಅಂತ ಮೊದಲೇ ಎಲ್ಲರಿಗೂ ಹೇಳಿರುತ್ತೇನೆ.

ಅದ್ದುವುದು ಮತ್ತು ಬೇಯಿಸುವುದು

ಎಲ್ಲ ಹೋಳುಗಳನ್ನು ಒಟ್ಟಿಗೆ ಮಿಶ್ರಣಕ್ಕೆ ಸುರಿಯಬೇಡಿ. ತವಾ ಮೇಲೆ ಎಷ್ಟು ಹಿಡಿಯುತ್ತವೋ ಅಷ್ಟೇ, 14 ಅಥವಾ 15, ಒಂದು ಸಲಕ್ಕೆ. ಬೋಗುಣಿಗೆ ಹಾಕಿ ಬೆರಳ ತುದಿಯಿಂದ ಒಮ್ಮೆ ತಿರುವಿ. ಚೆನ್ನಾಗಿ ಒಣಗಿದ ಹೋಳಿಗೆ 10ರಿಂದ 12 ಸೆಕೆಂಡ್ ಸಾಕು. ಎತ್ತಿದಾಗ ಭಾರ ಅನಿಸಬೇಕು, ಆಕಾರ ನಿಲ್ಲಬೇಕು. ಮೊದಲ ಸಲ ಮಾಡುವವರು ಒಂದು ಹೋಳನ್ನು ಬಲಿ ಕೊಡಿ: ಅದ್ದಿ, ಚಾಕುವಿನಿಂದ ಸೀಳಿ ನೋಡಿ. ನಡುವೆ ಕಡಲೆಕಾಳಿನಷ್ಟು ಬಿಳಿ ಒಣ ಜಾಗ ಉಳಿದಿದ್ದರೆ ಸರಿಯಾಗಿದೆ. ಬೇಯುವಾಗ ಅಲ್ಲಿಗೂ ತೇವ ಇಳಿಯುತ್ತದೆ. ಪೂರ್ತಿ ನೆನೆದಿದ್ದರೆ ಮುಂದಿನವಕ್ಕೆ ಮೂರು ಸೆಕೆಂಡ್ ಕಡಿಮೆ ಮಾಡಿ. ಎತ್ತಿದ ಹೋಳುಗಳನ್ನು ಜಾಲರಿ ಮೇಲೆ ಅರ್ಧ ನಿಮಿಷ ಇಡಿ, ಹೆಚ್ಚಿನದು ಸೋರಿ ಹೋಗಲಿ. ಈ ಅರ್ಧ ನಿಮಿಷವನ್ನು ಬಿಟ್ಟರೆ ತವಾ ಮೇಲೆ ಪ್ರತಿ ಹೋಳಿನ ಸುತ್ತಲೂ ಆಮ್ಲೆಟ್ಟಿನ ಅಂಚು ಹರಡಿಕೊಳ್ಳುತ್ತದೆ.

ತವಾವನ್ನು ಮಧ್ಯಮ ಉರಿಯಲ್ಲಿ ಮೂರು ನಿಮಿಷ ಕಾಯಿಸಿ. ನೀರಿನ ಹನಿ ಚುಂಯ್ ಅಂದು ಆರಬೇಕು, ಗುಂಡಗೆ ಓಡಾಡಬಾರದು. ಓಡಾಡಿದರೆ ಬಿಸಿ ಅತಿಯಾಗಿದೆ. ಎರಡು ಸಣ್ಣ ಚಮಚ ತುಪ್ಪ, ಚೂರು ಬೆಣ್ಣೆ ಹಾಕಿ. ಬರೀ ಬೆಣ್ಣೆಯಾದರೆ ಅದರಲ್ಲಿರುವ ಹಾಲಿನ ಅಂಶ ಬೇಗ ಕರಕಲಾಗಿ ಮುಂದಿನ ಹೋಳುಗಳಿಗೆ ಕಪ್ಪು ಚುಕ್ಕೆಯಾಗಿ ಅಂಟುತ್ತದೆ. ತುಪ್ಪದಲ್ಲಿ ಆ ಅಂಶ ಮೊದಲೇ ತೆಗೆದಿರುತ್ತದೆ, ಹೆಚ್ಚು ಬಿಸಿ ತಡೆಯುತ್ತದೆ. ಬೆಣ್ಣೆ ಇರುವುದು ಪರಿಮಳಕ್ಕೆ ಮಾತ್ರ.

ಹೋಳುಗಳ ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟು ಇಡಿ. ಮೊದಲ ಮುಖಕ್ಕೆ ಒಂದು ನಿಮಿಷ, ಅಲುಗಾಡಿಸಬೇಡಿ. ಅದು ಬಿಟ್ಟುಕೊಂಡು ಬಂದಾಗ ತಿರುವಿ. ಆಮೇಲೆ ಪ್ರತಿ ಮುಖಕ್ಕೂ 35ರಿಂದ 40 ಸೆಕೆಂಡ್. ಯಾವ ಸಾಲಿನಿಂದ ಇಟ್ಟಿರೋ ಅದೇ ಸಾಲಿನಿಂದ ತಿರುವುತ್ತಾ ಹೋದರೆ ಲೆಕ್ಕ ತಪ್ಪುವುದಿಲ್ಲ. ಆರೂ ಮುಖಕ್ಕೆ ಬಣ್ಣ ಬರಲೇಬೇಕಾ ಅಂತ ವೈನಿ ಒಮ್ಮೆ ಕೇಳಿದ್ದರು. ನಾಲ್ಕು ಮುಖಕ್ಕೆ ಚೆನ್ನಾಗಿ ಬರಲಿ, ಉಳಿದ ಎರಡಕ್ಕೆ ಹತ್ತು ಸೆಕೆಂಡ್ ಸಾಕು. ಆದರೆ ಪೂರ್ತಿ ಬಿಟ್ಟರೆ ಆ ಮುಖಗಳಲ್ಲಿ ಹಸಿ ತತ್ತಿಯ ವಾಸನೆ ಉಳಿಯುತ್ತದೆ. ಒಟ್ಟು ನಾಲ್ಕು, ಐದು ನಿಮಿಷಕ್ಕೆ ಒಂದು ಸಲದ್ದು ಮುಗಿಯುತ್ತದೆ.

ಬೆಂದಿದೆಯೋ ಇಲ್ಲವೋ ಬಣ್ಣದಿಂದ ಗೊತ್ತಾಗುವುದಿಲ್ಲ. ಚಿಮಟದಿಂದ ಮೆಲ್ಲಗೆ ಒತ್ತಿ. ಒತ್ತಿದ್ದು ಸ್ಪಂಜಿನ ಹಾಗೆ ಮೇಲೆ ಬಂದರೆ ಬೆಂದಿದೆ. ಕುಸಿದೇ ಉಳಿದರೆ ಅಥವಾ ಹಾಲು ಜಿನುಗಿದರೆ ಇನ್ನೂ ಬೇಕು. ಅಡುಗೆ ಥರ್ಮಾಮೀಟರ್ ಇದ್ದರೆ ನಡುವಿನ ಬಿಸಿ 71 ಡಿಗ್ರಿ ದಾಟಿರಬೇಕು, ತತ್ತಿಗೆ ಅದು ಸುರಕ್ಷಿತ. ಒಟಿಜಿ ಇರುವವರು ತವಾ ಮೇಲೆ ಬಣ್ಣ ಮಾತ್ರ ತರಿಸಿ, 160 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟು ಒಳಗೆ ಬೇಯಿಸಬಹುದು. ಮಂದಿ ಜಾಸ್ತಿ ಇದ್ದಾಗ ಇದೇ ಒಳ್ಳೆಯ ದಾರಿ.

ಪ್ರತಿ ಸಲ ಮುಗಿದ ಮೇಲೆ ತವಾವನ್ನು ಒಣ ಬಟ್ಟೆಯಿಂದ ಒರೆಸಿ, ಹೊಸ ತುಪ್ಪ ಹಾಕಿ. ನಾಲ್ಕನೇ ಸಲದ ಹೋಳುಗಳೂ ಮೊದಲನೆಯವುಗಳಷ್ಟೇ ಹೊಳೆಯುತ್ತವೆ.

ಸಕ್ಕರೆ ಹಚ್ಚುವುದು, ಬಿಸಿ ಇಡುವುದು

ತವಾದಿಂದ ಇಳಿಸಿದ ಕೂಡಲೇ, ತುಪ್ಪದ ಪಸೆ ಇರುವಾಗಲೇ, ಸಕ್ಕರೆಯ ತಾಟಿನಲ್ಲಿ ಹೊರಳಾಡಿಸಿ. ಆರಿದ ಮೇಲೆ ಸಕ್ಕರೆ ಅಂಟುವುದಿಲ್ಲ. ತೀರಾ ನುಣ್ಣನೆಯ ಪುಡಿ ಬೇಡ, ಅದು ಬಿಸಿಗೆ ಕರಗಿ ಅಂಟಂಟಾಗುತ್ತದೆ. ಸಣ್ಣ ಹರಳು ಉಳಿದಿದ್ದರೆ ಕಚ್ಚಿದಾಗ ಕರಕರ ಅನ್ನುತ್ತದೆ, ಧಾರವಾಡ ಪೇಡೆಯ ಮೇಲಿನ ಸಕ್ಕರೆಯ ಹಾಗೆ.

ನಮ್ಮ ಮನೆಗಳಲ್ಲಿ ಬಿಸಿ ಇಡುವುದು ಅಂದರೆ ಹಾಟ್‌ಬಾಕ್ಸ್. ಇದಕ್ಕೆ ಮಾತ್ರ ಅದು ಬೇಡವೇ ಬೇಡ. ಮುಚ್ಚಳದ ಒಳಗೆ ಉಗಿ ನೀರಾಗಿ ಹತ್ತೇ ನಿಮಿಷದಲ್ಲಿ ಎಲ್ಲ ಮೆತ್ತಗಾಗುತ್ತವೆ, ಸಕ್ಕರೆ ಪಾಕವಾಗಿ ಇಳಿಯುತ್ತದೆ. ಜಾಲರಿ ಮೇಲೆ ಒಂದೇ ಪದರ ಹರಡಿ, 100 ಡಿಗ್ರಿಯ ಒಟಿಜಿಯಲ್ಲಿ ಇಡಿ. 20 ನಿಮಿಷ ಚೆನ್ನಾಗಿರುತ್ತವೆ. ಹಾಗೆ ಇಡುವುದಾದರೆ ಸಕ್ಕರೆಯನ್ನು ಹೊರಗೆ ತೆಗೆದ ಮೇಲೆ ಹಚ್ಚಿ, ಹೋಳಿಗೆ ಒಂದು ಹನಿ ತುಪ್ಪ ಸವರಿದರೆ ಅಂಟುತ್ತದೆ. ಒಟಿಜಿ ಇಲ್ಲದಿದ್ದರೆ ಬಿಸಿ ಇಡುವ ಗೋಜಿಗೇ ಹೋಗಬೇಡಿ. ಮೊದಲ ಎರಡು ಸಲದ್ದನ್ನು ಕೊಟ್ಟುಬಿಡಿ, ಚಹಾ ಆಗುವಷ್ಟರಲ್ಲಿ ಉಳಿದ ಎರಡನ್ನು ಹಾಕಿ.

ಜೊತೆಗೆ ಅದ್ದಿಕೊಳ್ಳಲು

ನನಗೆ ಬಹಳ ಇಷ್ಟವಾದದ್ದು ಪೇಡೆಯ ರಬಡಿ. ಧಾರವಾಡ ಪೇಡೆಯ ಕಥೆ ನಿಮಗೆ ಗೊತ್ತಿರಬಹುದು. 19ನೇ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ ಲೈನ್ ಬಜಾರಿನಲ್ಲಿ ಶುರು ಮಾಡಿದ್ದು. ಖೋವಾವನ್ನು ಕಂದು ಬಣ್ಣ ಬರುವವರೆಗೆ ಹುರಿಯುವುದೇ ಅದರ ಗುಟ್ಟು. ಹಾಲು, ಸಕ್ಕರೆ ಬಿಸಿಗೆ ಕಂದಿದಾಗ ಬರುವ ಪರಿಮಳವೇ ಫ್ರೆಂಚ್ ಟೋಸ್ಟಿನ ಹೊರಪದರದಲ್ಲೂ ಇರುವುದು, ಆದ್ದರಿಂದ ಇವೆರಡೂ ಬಾಯಲ್ಲಿ ಬೇರೆ ಬೇರೆ ಅನಿಸುವುದಿಲ್ಲ. 6 ಪೇಡೆ ಪುಡಿ ಮಾಡಿ, 150 ಮಿಲಿ ಬಿಸಿ ಹಾಲಿನಲ್ಲಿ ಸಣ್ಣ ಉರಿಯಲ್ಲಿ ಮೂರು ನಿಮಿಷ ಕಲಕಿ. ಪೇಡೆಯ ಮೇಲಿನ ಸಕ್ಕರೆಯೇ ಸಾಕು, ಬೇರೆ ಹಾಕಬೇಡಿ. ಆರಿದರೆ ಗಟ್ಟಿಯಾಗುತ್ತದೆ, ಇನ್ನೆರಡು ಚಮಚ ಹಾಲು ಹಾಕಿ ಸರಿಮಾಡಿ.

ಬೆಲ್ಲದ ಪಾಕ ಇನ್ನೂ ಸುಲಭ. 150 ಗ್ರಾಂ ಬೆಲ್ಲಕ್ಕೆ 75 ಮಿಲಿ ನೀರು, ಕರಗಿಸಿ, ಸೋಸಿ, ನಾಲ್ಕು ನಿಮಿಷ ಕುದಿಸಿ. ಒಲೆಯ ಮೇಲೆ ಇನ್ನೂ ತೆಳು ಅನಿಸುವಾಗಲೇ ಇಳಿಸಿ, ಆರಿದಾಗ ಜೇನಿನ ಹದಕ್ಕೆ ಬರುತ್ತದೆ. ಇವೆರಡನ್ನೂ ಶನಿವಾರ ರಾತ್ರಿಯೇ ಮಾಡಿ ಇಡಬಹುದು. ರಬಡಿ ಫ್ರಿಜ್‌ನಲ್ಲಿರಲಿ.

ಹಣ್ಣು ಕಾಲಕ್ಕೆ ತಕ್ಕಂತೆ. ಏಪ್ರಿಲ್, ಮೇನಲ್ಲಿ ಧಾರವಾಡದ ಆಪೂಸ್ ಮಾವು ಇರುವಾಗ ಬೇರೇನೂ ಬೇಡ. ಚಳಿಗಾಲದಲ್ಲಿ ನವಲೂರಿನ ಪೇರಲ, ತೆಳ್ಳಗೆ ಹೆಚ್ಚಿ ಚೂರು ಉಪ್ಪು ಉದುರಿಸಿ. ಟೂತ್‌ಪಿಕ್‌ಗೆ ಹಣ್ಣಿನ ತುಂಡು ಮತ್ತು ಹೋಳು ಸಿಕ್ಕಿಸಿ ಇಟ್ಟರೆ ಮಕ್ಕಳ ಕೈ ಅಂಟಾಗುವುದಿಲ್ಲ. ಸಿಕ್ಕಿಸುವ ಮುಂಚೆ ಹೋಳು ಎರಡು ನಿಮಿಷ ಆರಲಿ, ಬಿಸಿಯಲ್ಲಿ ಚುಚ್ಚಿದರೆ ಸೀಳುತ್ತದೆ.

ಸಿಹಿ ಒಲ್ಲದವರಿಗೆ ಖಾರದ್ದು

ದೊಡ್ಡವರಲ್ಲಿ ಇಬ್ಬರಾದರೂ ಸಿಹಿ ಬೇಡ ಅನ್ನುತ್ತಾರೆ. 15 ಹೋಳನ್ನು ಅವರಿಗೆ ತೆಗೆದಿಡಿ. ಅದಕ್ಕೆ 1 ತತ್ತಿ, 80 ಮಿಲಿ ಹಾಲು, ಕಾಲು ಚಮಚ ಉಪ್ಪು, ತೀರಾ ಸಣ್ಣಗೆ ಹೆಚ್ಚಿದ ಕೊತ್ತಂಬರಿ, ಚೂರು ಅರಿಶಿನ. ಸಕ್ಕರೆ ಇಲ್ಲ. ಹಾಗೇ ಅದ್ದಿ, ಹಾಗೇ ಬೇಯಿಸಿ, ಇಳಿಸಿದ ಮೇಲೆ ಸಕ್ಕರೆಯ ಬದಲು ಶೇಂಗಾ ಹಿಂಡಿಯಲ್ಲಿ, ಅಂದರೆ ಶೇಂಗಾ ಚಟ್ನಿ ಪುಡಿಯಲ್ಲಿ, ಹೊರಳಾಡಿಸಿ. ಬ್ಯಾಡಗಿ ಮೆಣಸಿನಕಾಯಿ ಹಾಕಿ ಕುಟ್ಟಿದ ಹಿಂಡಿಯಾದರೆ ಬಣ್ಣ ಕೆಂಪಗೆ ಬರುತ್ತದೆ, ಖಾರ ನಾಲಿಗೆ ಸುಡುವುದಿಲ್ಲ. ಕಾಕಾ ಇದನ್ನು ಮೊಸರಿನ ಜೊತೆ ತಿನ್ನುತ್ತಾರೆ. ಸಿಹಿ ಹೋಳುಗಳಿಗಿಂತ ಇವೇ ಮೊದಲು ಖಾಲಿಯಾದ ದಿನಗಳೂ ಇವೆ. ಅಂಥ ಮನೆಯವರು ಅರ್ಧಕ್ಕರ್ಧ ಮಾಡಿಕೊಳ್ಳಬಹುದು.

ಬೆಳಗಿನ ಹೊತ್ತಿನ ಲೆಕ್ಕ

ಹತ್ತೂವರೆಗೆ ಮಂದಿ ಬರುತ್ತಾರೆ ಅಂದರೆ ಒಂಬತ್ತೂವರೆಗೆ ಎಲ್ಲ ಮಿಶ್ರಣ ಕಲಸಿ ಫ್ರಿಜ್‌ಗೆ ಹಾಕಿ. ಹಣ್ಣು ಹೆಚ್ಚಿ, ಸಕ್ಕರೆ ತಾಟು, ಹಿಂಡಿ ತಾಟು ಸಿದ್ಧ ಮಾಡಿ. ಹತ್ತು ಗಂಟೆಗೆ ತವಾ ಇಡಿ. ಮೊದಲು ತತ್ತಿ ಇಲ್ಲದ್ದು, ಆಮೇಲೆ ತತ್ತಿಯ ಸಿಹಿ, ಕೊನೆಗೆ ಖಾರದ್ದು. ಈ ಸಾಲು ತಪ್ಪಬಾರದು, ಎರಡು ತವಾ ಇದ್ದರೆ ಮಾತ್ರ ಚಿಂತೆ ಇಲ್ಲ. ಎಲ್ಲ ಸೇರಿ ಅರ್ಧ ತಾಸು ಹಿಡಿಯುತ್ತದೆ. ಮೂರೂ ಬಗೆ ಮಾಡುವ ದಿನ ತತ್ತಿಯ ಸಿಹಿ ಹೋಳುಗಳು ಹತ್ತು ಹನ್ನೆರಡೇ ಉಳಿಯುತ್ತವೆ. ಆಗ ಅದರ ಮಿಶ್ರಣಕ್ಕೆ 2 ತತ್ತಿ, 150 ಮಿಲಿ ಹಾಲು ಸಾಕು. ಹೆಚ್ಚು ಮಂದಿ ಇದ್ದರೆ ಎರಡು ಬ್ರೆಡ್ ತನ್ನಿ.

ಅಂಚುಗಳು, ಉಳಿದ ಮಿಶ್ರಣ

ನಿನ್ನೆ ತೆಗೆದಿಟ್ಟ ಅಂಚುಗಳನ್ನು ಸಣ್ಣಗೆ ಚೂರು ಮಾಡಿ, ಉಳಿದ ತತ್ತಿ ಹಾಲಿನಲ್ಲಿ ಹಾಕಿ ಹತ್ತು ನಿಮಿಷ ಬಿಡಿ. ಅಂಚು ಗಡುಸಾಗಿರುವುದರಿಂದ ಅದಕ್ಕೆ ಅಷ್ಟು ಹೊತ್ತು ಬೇಕು. ಒಂದು ಚಮಚ ಸಕ್ಕರೆ, ಒಂದಿಷ್ಟು ಮನೂಕ ಸೇರಿಸಿ. ಪಡ್ಡಿನ ಹಂಚಿನ ಗುಳಿಗಳಿಗೆ ತುಪ್ಪ ಹಾಕಿ, ಈ ಮಿಶ್ರಣವನ್ನು ಮುಕ್ಕಾಲು ತುಂಬಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಮೂರು ನಿಮಿಷ. ತಿರುವಿ ಹಾಕಿ ಮತ್ತೆ ಎರಡು ನಿಮಿಷ. ಗುಂಡಗೆ, ಹೊರಗೆ ಗರಿಗರಿ, ಒಳಗೆ ಪುಡ್ಡಿಂಗ್‌ನ ಹಾಗೆ ಬರುತ್ತವೆ. ಮೊದಮೊದಲು ಸುಮ್ನೆ ಅಂಚು ಹಾಳಾಗಬಾರದು ಅಂತ ಮಾಡುತ್ತಿದ್ದೆ. ಈಗ ಅಣ್ಣನ ಮಕ್ಕಳು ಬಂದ ಕೂಡಲೇ ಕೇಳುವುದೇ ಇದನ್ನು.

ತಿಂದು ಉಳಿದ ಹೋಳುಗಳನ್ನು ಆರಿಸಿ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿ ಇಟ್ಟರೆ ಮರುದಿನದವರೆಗೆ ಇರುತ್ತವೆ. ಬಿಸಿ ಮಾಡಲು ಮೈಕ್ರೋವೇವ್ ಬೇಡ, ಮೆತ್ತಗಾಗುತ್ತವೆ. ಬರೀ ತವಾ ಮೇಲೆ ಸಣ್ಣ ಉರಿಯಲ್ಲಿ, ಮುಚ್ಚಳ ಹಾಕದೆ, ತಿರುವುತ್ತ ಮೂರು ನಾಲ್ಕು ನಿಮಿಷ. ಹೊರಗಿನ ಸಕ್ಕರೆ ಕರಗಿ ತೆಳುವಾದ ಗಾಜಿನಂಥ ಪದರವಾಗುತ್ತದೆ. ಒಂದು ನಿಮಿಷ ಆರಲು ಬಿಡಿ, ಬಿಸಿ ಸಕ್ಕರೆ ನಾಲಿಗೆ ಸುಡುತ್ತದೆ. ಆಮೇಲೆ ಸಂಜೆಯ ಚಹಾಕ್ಕೆ ಕೊಡಿ.